ಚಿರತೆ ಭಯಕ್ಕೆ ಪಿಸ್ತೂಲು ಬೇಡ

2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಸುತ್ತ ಚಿರತೆ ಕಂಡಾಗ ವಾಕಿಂಗ್ ಹೋಗುವವರು ನಡುಗಿದ್ದು ಸಹಜ. ಅದೇ ತಿಂಗಳು ಧಾರವಾಡದ ಬಳಿಯ ಕವಲಗೇರಿಯಲ್ಲಿ ಚಿರತೆಯೊಂದು ಬೋನಿಗೆ ಬಿತ್ತು, ಗುಂಡು ಬೇಕಾಗಲಿಲ್ಲ. ಅಂಥ ಭಯಕ್ಕೆ ಪಿಸ್ತೂಲಿನ ಲೈಸೆನ್ಸ್ ಮಾಡಿಸುವ ಯೋಚನೆಯಿದ್ದರೆ ದಯವಿಟ್ಟು ಕೈಬಿಡಿ. ಪೊದೆಯಿಂದ ನೆಗೆದ ಚಿರತೆ, ನಿಮ್ಮ ಕೈ ಸೊಂಟಕ್ಕೆ ಹೋಗುವಷ್ಟರಲ್ಲಿ ಮೈಮೇಲಿರುತ್ತದೆ. ಗುರಿ ತಪ್ಪಿದರೆ ಗುಂಡು ಹೋಗುವುದು ಓಣಿಯ ಯಾರದೋ ಕಿಟಕಿಗೆ. ಗಾಯಗೊಂಡ ಚಿರತೆಯಂತೂ ಇನ್ನೂ ಅಪಾಯಕಾರಿ.

ಎದುರಾದರೆ ಓಡಬೇಡಿ, ಬಗ್ಗಬೇಡಿ. ಮಕ್ಕಳನ್ನು ಎತ್ತಿಕೊಂಡು, ಬೆನ್ನು ತೋರಿಸದೆ ಮೆಲ್ಲಗೆ ಹಿಂದೆ ಸರಿಯಿರಿ. ಮನೆ ಸೇರಿ ಬಾಗಿಲು ಹಾಕಿ, 112ಕ್ಕೋ ಅರಣ್ಯ ಸಹಾಯವಾಣಿ 1926ಕ್ಕೋ ಫೋನ್ ಮಾಡಿ. ವಿಡಿಯೋ ಮಾಡಲು ಜನರನ್ನಂತೂ ಕೂಡಿಸಲೇಬೇಡಿ. ದಾರಿ ಕಟ್ಟಿದಾಗಲೇ ಚಿರತೆ ಮೇಲೆ ಬೀಳುವುದು ಹೆಚ್ಚು.