ಮೇಲಿನ ಬೋಲ್ಟ್ ಮೊದಲು ಬಿಚ್ಚಿ

ನಮ್ಮ ಮಂಡಿಕಲ್ ಕಡೆಯವರು ಗಾಡಿಗೆ ಮಾಡುವ ಉಪಚಾರದಲ್ಲಿ ಯಾರಿಗೂ ಕಡಿಮೆಯಿಲ್ಲ. ವಾರಕ್ಕೊಮ್ಮೆ ತೊಳೆಯುತ್ತೀರಿ, ಶುಕ್ರವಾರ ಕುಂಕುಮ ಇಡುತ್ತೀರಿ, ಬಂಪರಿಗೆ ನಿಂಬೆಹಣ್ಣು ಕಟ್ಟುತ್ತೀರಿ. ಎಂಜಿನ್ ಆಯಿಲ್ ಕೂಡ ಹೊತ್ತಿಗೆ ಸರಿಯಾಗಿ ಬದಲಾಗುತ್ತದೆ. ಆದರೆ ಗೇರ್ ಆಯಿಲ್ ಯಾವಾಗ ಬದಲಿಸಿದಿರಿ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ನನ್ನ ಮುಖ ನೋಡುತ್ತೀರಿ. ‘ಅದನ್ನೂ ಬದಲಿಸಬೇಕೇ?’ ಎನ್ನುವವರೇ ಹೆಚ್ಚು.

ಬದಲಿಸಬೇಕು. ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ಎಂಜಿನ್ ಆಯಿಲ್ ತೀರಾ ಕಡಿಮೆಯಾಗಿ ಒತ್ತಡ ಕುಸಿದರೆ ಎದುರಿಗೆ ಕೆಂಪು ದೀಪ ಹತ್ತುತ್ತದೆ. ಗೇರ್ ಆಯಿಲ್ಲಿಗೆ ದೀಪವೂ ಇಲ್ಲ, ಸಾಮಾನ್ಯವಾಗಿ ಅದ್ದಿ ನೋಡುವ ಕಡ್ಡಿಯೂ ಇಲ್ಲ. ಕೇಳದ ಮಗುವಿಗೆ ಹಾಲು ತಡ ಎನ್ನುವಂತೆ ಅದರ ಪಾಡು. ಒಳಗೆ ಹಲ್ಲುಗಳು ಒಂದಕ್ಕೊಂದು ಉಜ್ಜಿ ಸವೆದ ಲೋಹದ ಪುಡಿ ಎಣ್ಣೆಯಲ್ಲೇ ತಿರುಗುತ್ತಿರುತ್ತದೆ. ಎಂಜಿನ್ನಿಗಿರುವಂಥ ಫಿಲ್ಟರ್ ಬಹುಪಾಲು ಗೇರ್‌ಬಾಕ್ಸ್‌ಗಳಿಗೆ ಇಲ್ಲ. ಆ ಪುಡಿ ಹೊರಗೆ ಬರಬೇಕಾದರೆ ಎಣ್ಣೆಯ ಜೊತೆಗೇ ಬರಬೇಕು.

ಎಷ್ಟು ಕಿಲೋಮೀಟರಿಗೆ ಎನ್ನುವುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇನ್ಶೂರೆನ್ಸ್ ಕಾಗದದ ಅಡಿಗೆ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇಟ್ಟಿದ್ದೀರಲ್ಲ, ಅದೇ ಪುಸ್ತಕ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 40,000 ಕಿಲೋಮೀಟರಿನ ಆಸುಪಾಸು ಎಂದಿಟ್ಟುಕೊಳ್ಳಿ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು, ಚಿಂತಾಮಣಿಗೆ ಟೊಮೆಟೊ, ಚಿಕ್ಕಬಳ್ಳಾಪುರಕ್ಕೆ ಹೂವು ಎಂದು ಗಾಡಿಯ ತುಂಬ ಹೇರಿಕೊಂಡು ಓಡುವವರು ಅಷ್ಟು ದಿನವೂ ಕಾಯಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿ ತಂದವರಂತೂ ಲೆಕ್ಕವನ್ನೇ ಹಾಕಬೇಡಿ. ಮಾರಿದವರು ‘ಎಲ್ಲಾ ಸರ್ವಿಸ್ ಮಾಡಿಸಿದ್ದೀನಿ’ ಎಂದೇ ಹೇಳುತ್ತಾರೆ. ನೀವು ತಂದ ತಿಂಗಳಲ್ಲೇ ಬದಲಿಸಿ. ಮಾರುತಿ ಆಮ್ನಿ ತಯಾರಿಕೆ ನಿಂತದ್ದು 2019ರಲ್ಲಿ. ಅಂದರೆ ನಮ್ಮ ಹಳ್ಳಿಗಳಲ್ಲಿ ಇವತ್ತು ಓಡುತ್ತಿರುವ ಆಮ್ನಿಗಳಲ್ಲಿ ಕೈ ಬದಲಿಸದ್ದು ಎಷ್ಟಿದ್ದೀತು ನೀವೇ ಹೇಳಿ.

ಇನ್ನೊಂದು ಮಾತು. 2021ರ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಬಿದ್ದದ್ದು ಮರೆತಿಲ್ಲ ತಾನೆ? ಅಂಥ ದಿನ ರೈಲ್ವೆ ಅಂಡರ್‌ಪಾಸಿನಲ್ಲೋ ಹಳ್ಳದಲ್ಲೋ ಅರ್ಧ ಚಕ್ರ ಮುಳುಗುವಷ್ಟು ನೀರಿನಲ್ಲಿ ಗಾಡಿ ನುಗ್ಗಿಸಿದ್ದರೆ, ಗೇರ್‌ಬಾಕ್ಸ್ ಉಸಿರಾಡುವ ಸಣ್ಣ ತೂತಿನಿಂದ ನೀರು ಒಳಗೆ ಹೋಗಿರಬಹುದು. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗೆ ಕಂಡರೆ ಅದೇ ಕಾರಣ. ಆಗ ಕಿಲೋಮೀಟರು ನೋಡುತ್ತ ಕೂರಬಾರದು.

ಈಗ ಎಣ್ಣೆ ಕೊಳ್ಳುವ ವಿಚಾರ. ಎಲ್ಲರೂ ಎಡವುವುದು ಇಲ್ಲೇ. ಟ್ರಾಕ್ಟರಿಗೆಂದು ತಂದ ‘ನೈಂಟಿ ಆಯಿಲ್’ ಕೊಟ್ಟಿಗೆಯ ಮೂಲೆಯಲ್ಲಿ ಡಬ್ಬದ ತುಂಬ ಇದೆ, ಅದನ್ನೇ ಕಾರಿಗೂ ಸುರಿದರಾಯಿತು ಎನ್ನುತ್ತೀರಿ. ಬೇಡ ಕಣ್ರೀ. ಡಬ್ಬದ ಮೇಲೆ ಎರಡು ಗುರುತು ಓದಬೇಕು. ಒಂದು ದಪ್ಪದ ಗುರುತು: 75ಡಬ್ಲ್ಯೂ-80, 75ಡಬ್ಲ್ಯೂ-90, 80ಡಬ್ಲ್ಯೂ-90 ಎಂದು ಬರೆದಿರುತ್ತದೆ. ಪುಸ್ತಕ ಹೇಳಿದ್ದಕ್ಕಿಂತ ದಪ್ಪ ಎಣ್ಣೆ ಹಾಕಿದರೆ ಡಿಸೆಂಬರಿನ ಮಂಜಿನಲ್ಲಿ ಬೆಳಗಿನ ಜಾವ ಸೆಕೆಂಡ್ ಗೇರ್ ಬೀಳಲು ತಕರಾರು ಮಾಡುತ್ತದೆ. ಇನ್ನೊಂದು ಜಿಎಲ್-4, ಜಿಎಲ್-5 ಎಂಬ ಗುರುತು. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಒಳ್ಳೆಯದು ಎಂದು ಅಂಗಡಿಯವರು ಹೇಳಿದರೆ ತಲೆಯಾಡಿಸಿ ತರಬೇಡಿ. ಜಿಎಲ್-5ರಲ್ಲಿ ಗಂಧಕ, ರಂಜಕದ ಔಷಧಿ ಹೆಚ್ಚು, ಸುಮಾರು ಇಮ್ಮಡಿ. ಡಿಫರೆನ್ಷಿಯಲ್ಲಿನ ಭಾರೀ ಹಲ್ಲುಗಳಿಗೆ ಅದು ಬೇಕು. ಗೇರ್‌ಬಾಕ್ಸಿನೊಳಗಿನ ಹಿತ್ತಾಳೆಯ ಸಿಂಕ್ರೊ ಬಳೆಗಳಿಗೆ ಅದು ಆಗಿಬರುವುದಿಲ್ಲ. ಬಳೆ ಸವೆದರೆ ಗೇರ್ ಬೀಳುವಾಗಲೆಲ್ಲ ಕರಕರ ಎನ್ನುತ್ತದೆ. ಆಮೇಲೆ ಗೇರ್‌ಬಾಕ್ಸ್ ಇಳಿಸಿಯೇ ರಿಪೇರಿ.

ಆಲ್ಟೊ, ಸ್ವಿಫ್ಟಿನಂಥ ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು ಒಂದೇ ಪೆಟ್ಟಿಗೆಯಲ್ಲಿ ಒಂದೇ ಎಣ್ಣೆಯಲ್ಲಿರುತ್ತವೆ. ಆಮ್ನಿ, ಈಕೊ, ಬೊಲೆರೊಗಳಲ್ಲಿ ಡಿಫರೆನ್ಷಿಯಲ್ ಹಿಂದಿನ ಚಕ್ರಗಳ ನಡುವೆ ಬೇರೆಯೇ ಇದೆ. ಅದರ ಎಣ್ಣೆಯೂ ಬೇರೆ. ಎರಡು ಡಬ್ಬ ತಂದು ಅದಲುಬದಲು ಮಾಡಿ ಕೂತವರಿದ್ದಾರೆ. ಡಬ್ಬದ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಡಿ. ಇನ್ನು ಕೆಲವು ಕಂಪನಿಗಳು ತಮ್ಮದೇ ಬೇರೆ ಎಣ್ಣೆ ಹೇಳುತ್ತವೆ. ಪುಸ್ತಕದ ಮಾತೇ ಕೊನೆಯ ಮಾತು, ನನ್ನದಲ್ಲ. ಬಿಡಿ ಎಣ್ಣೆ, ಸೀಲ್ ಒಡೆದ ಡಬ್ಬ ಮುಟ್ಟಬೇಡಿ. ಅಗ್ಗ ಸೂರೆಯೆಂದು ಮುಗ್ಗಿದ ಜೋಳ ಕೊಂಡರಂತೆ. ಸಣ್ಣ ಕಾರಿಗೆ ಬೇಕಾಗುವುದು ಎರಡು ಲೀಟರಿನ ಆಸುಪಾಸು, ಅದರಲ್ಲಿ ಎಷ್ಟು ಉಳಿಸುತ್ತೀರಿ? ಎಣ್ಣೆಯ ಜೊತೆಗೇ ಡ್ರೈನ್ ಬೋಲ್ಟಿನ ಹೊಸ ವಾಷರ್ ತನ್ನಿ. ಹಳೆಯದು ಒಮ್ಮೆ ಅಮುಕಿಹೋಗಿರುತ್ತದೆ, ಮತ್ತೆ ಹಾಕಿದರೆ ಜಿನುಗುತ್ತದೆ.

ಗಾಡಿಯ ಕೆಳಗೆ ಹೋಗುವ ವಿಚಾರದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಡಿಕ್ಕಿಯಲ್ಲಿರುವ ಜಾಕ್ ಚಕ್ರ ಬದಲಿಸುವುದಕ್ಕೆ ಕೊಟ್ಟದ್ದು. ಅದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು, ಒಂದು ನಿಮಿಷಕ್ಕೂ ಬೇಡ. ಸಿಮೆಂಟಿನ ಟೊಳ್ಳು ಇಟ್ಟಿಗೆ ಪೇರಿಸುವುದೂ ಬೇಡ. ಅದು ಬಿರುಕು ತೋರಿಸಿ ಎಚ್ಚರಿಸುವುದಿಲ್ಲ, ಒಂದೇ ಸಲ ಪುಡಿಯಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ‘ಎರಡೇ ನಿಮಿಷ’ ಎಂದು ನುಸುಳುವುದು ಇರುಳು ಕಂಡ ಬಾವಿಗೆ ಹಗಲು ಬಿದ್ದ ಹಾಗೆ. ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಂಡುಕೊಳ್ಳಿ, ಇಲ್ಲವೆ ಗೊತ್ತಿರುವ ಗ್ಯಾರೇಜಿನಿಂದ ಒಂದು ಬೆಳಗಿಗೆ ಕೇಳಿ ತನ್ನಿ. ಗಟ್ಟಿ ಗಾರೆ ನೆಲ ಬೇಕು. ಅಂಗಳದ ಕೆಂಪು ಮಣ್ಣು, ಅದೂ ಮಳೆ ಬಿದ್ದ ಮಾರನೆಯ ದಿನ, ಸ್ಟ್ಯಾಂಡನ್ನೇ ನುಂಗುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದಿದ್ದೀನಲ್ಲ ಎನ್ನುತ್ತೀರಿ. ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಆಮ್ನಿಯ ಹಿಂಭಾಗ ಎತ್ತಿದರೆ ಆ ಚಕ್ರಗಳು ಗಾಳಿಯಲ್ಲಿ, ಗೇರಿನಲ್ಲಿಟ್ಟರೂ ಪ್ರಯೋಜನವಿಲ್ಲ. ಮುಂದಿನ ಚಕ್ರಗಳು ಉರುಳಲು ಸ್ವತಂತ್ರ. ಆದ್ದರಿಂದ ನೆಲದ ಮೇಲಿರುವ ಚಕ್ರಗಳ ಹಿಂದೂ ಮುಂದೂ ಕಲ್ಲು ಕೊಡಲೇಬೇಕು. ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರವೇ? ಸ್ಟ್ಯಾಂಡ್ ಕೊಟ್ಟ ಮೇಲೆ ಗಾಡಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಮನೆಯಲ್ಲಿ ಒಬ್ಬರಿಗೆ ಹೇಳಿರಿ. ಮಕ್ಕಳನ್ನು ಒಳಗೆ ಕಳಿಸಿ, ಬೀಗದಕೈ ನಿಮ್ಮ ಜೇಬಿನಲ್ಲಿರಲಿ. ಲುಂಗಿ ಉಟ್ಟುಕೊಂಡು, ಹವಾಯಿ ಚಪ್ಪಲಿ ಹಾಕಿಕೊಂಡು ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲು ಪೇರೇಸಂದ್ರದವರೆಗೆ ಹೋಗಿ ಬನ್ನಿ. ಎಣ್ಣೆ ಬೆಚ್ಚಗಾಗಿ ತೆಳುವಾಗುತ್ತದೆ, ತಳದ ಪುಡಿಯೂ ಎದ್ದು ಬರುತ್ತದೆ. ಬಂದ ಕೂಡಲೇ ಕೆಳಗೆ ನುಗ್ಗಬೇಡಿ. ಸೈಲೆನ್ಸರ್ ಪೈಪು ಚರ್ಮ ಸುಲಿಯುವಷ್ಟು ಕಾದಿರುತ್ತದೆ. ಸ್ವಲ್ಪ ಹೊತ್ತು ಕೂತು ಕಾಫಿ ಕುಡಿಯಿರಿ.

ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದೇ ಒಂದು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಗೇರ್‌ಬಾಕ್ಸಿಗೆ ಎರಡು ಬೋಲ್ಟು: ಪಕ್ಕದಲ್ಲಿ ಮೇಲೆ ಇರುವುದು ಎಣ್ಣೆ ತುಂಬುವುದು, ತಳದಲ್ಲಿರುವುದು ಇಳಿಸುವುದು. ಮೇಲಿನದನ್ನು ಮೊದಲು ಸಡಿಲಿಸಿ. ವರ್ಷಗಟ್ಟಲೆ ಮುಟ್ಟದ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಕೆಲವೊಮ್ಮೆ ಪಾನಾ ಜಾರಿ ತಲೆ ಗುಂಡಗಾಗಿಬಿಡುತ್ತದೆ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನದು ಬರದಿದ್ದರೆ, ಅಂಗಳದಲ್ಲಿ ಎಣ್ಣೆಯಿಲ್ಲದ ಗಾಡಿ, ಕೈಯಲ್ಲಿ ತುಂಬಿದ ಡಬ್ಬ. ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಹಾಗೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೇಲಿನದು ಬರಲಿಲ್ಲವೋ, ಗಾಡಿ ಇಳಿಸಿ ಹಾಗೆಯೇ ಮೆಕ್ಯಾನಿಕ್ಕರ ಹತ್ತಿರ ಹೋಗಿ, ಏನೂ ನಷ್ಟವಿಲ್ಲ. ಅಳತೆಗೆ ಸರಿಯಾದ ಪಾನಾವನ್ನೇ ಹಾಕಿ. ಹೆಚ್ಚುಕಡಿಮೆ ಕೂರುವ ಪಾನಾಗೆ ಸುತ್ತಿಗೆ ಪೆಟ್ಟು ಕೊಡುವ ಅಭ್ಯಾಸ ನಿಮಗಿದ್ದರೆ ಇವತ್ತಿಗೆ ಬಿಡಿ.

ಎಣ್ಣೆ ಇಳಿಯಲು ಬಿಟ್ಟು ಬೋಲ್ಟಿನ ತುದಿ ನೋಡಿ. ಹಲವು ಗಾಡಿಗಳಲ್ಲಿ ಅಲ್ಲಿ ಅಯಸ್ಕಾಂತವಿರುತ್ತದೆ. ಅದಕ್ಕೆ ಕಾಡಿಗೆಯಂಥ ನುಣುಪು ಮಸಿ ಅಂಟಿದ್ದರೆ ಹೆದರಬೇಡಿ, ಅದು ಸಹಜ ಸವೆತ, ಒರೆಸಿ. ಉಗುರಿಗೆ ಸಿಗುವ ಚಕ್ಕೆ, ಮುರಿದ ಹಲ್ಲಿನ ಚೂರು ಕಂಡರೆ ಬಟ್ಟೆಯಲ್ಲಿ ಕಟ್ಟಿ ಮೆಕ್ಯಾನಿಕ್ಕರಿಗೆ ತೋರಿಸಿ. ಇಳಿದ ಎಣ್ಣೆಯನ್ನು ಲೀಟರಿನ ಹಳೆ ಬಾಟಲಿಗಳಲ್ಲಿ ಅಳೆಯಿರಿ. ಪುಸ್ತಕದ ಲೆಕ್ಕಕ್ಕಿಂತ ಬಹಳ ಕಡಿಮೆ ಬಂದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಚಕ್ರಕ್ಕೆ ಹೋಗುವ ಶಾಫ್ಟಿನ ಬುಡದ ಸೀಲ್ ನೋಡಿಸಿ.

ತುಂಬುವಾಗ ಡಬ್ಬದ ಬಾಯಿ ಅಲ್ಲಿಗೆ ಎಟುಕುವುದಿಲ್ಲ. ಆಲಿಕೆಗೆ ಉದ್ದನೆಯ ಶುದ್ಧವಾದ ಪೈಪು ಸಿಕ್ಕಿಸಿ ಬಾನೆಟ್ಟಿನ ಕಡೆಯಿಂದ ಇಳಿಬಿಟ್ಟು ನಿಧಾನಕ್ಕೆ ಹೊಯ್ಯಿರಿ. ಔಷಧಿ ಹೊಡೆಯುವ ಪಂಪಿನ ಪೈಪು ಬೇಡ, ಎಷ್ಟು ತೊಳೆದರೂ ಬೇಡ. ಮೇಲಿನ ತೂತಿನ ಅಂಚಿನಿಂದ ಎಣ್ಣೆ ಹನಿಯುವುದೇ ಸಾಮಾನ್ಯವಾಗಿ ತುಂಬಿದ ಗುರುತು. ಆದರೆ ಆ ಗುರುತು ಸರಿ ಬರುವುದು ಗಾಡಿ ಸಮತಟ್ಟಾಗಿದ್ದರೆ ಮಾತ್ರ. ಮೂತಿ ಮಾತ್ರ ಎತ್ತಿ ನಿಲ್ಲಿಸಿ ತುಂಬಿದರೆ ಲೆಕ್ಕ ತಪ್ಪುತ್ತದೆ. ನಾಲ್ಕೂ ಕಡೆ ಸಮನಾಗಿ ಎತ್ತಿ, ಇಲ್ಲವೆ ಪುಸ್ತಕದ ಅಳತೆಯನ್ನು ಅಳೆದೇ ಹಾಕಿ. ಇನ್ನೊಂದಿಷ್ಟು ಇರಲಿ ಎಂಬ ಧಾರಾಳ ಬೇಡ. ಹೆಚ್ಚಾದ ಎಣ್ಣೆ ಸೀಲುಗಳನ್ನು ಒತ್ತಿ ಹೊರಗೆ ಬರುತ್ತದೆ, ಕ್ಲಚ್ಚಿಗೂ ತಾಗಬಹುದು. ಬೋಲ್ಟು ಬಿಗಿಸುವಾಗ ತೋಳಿನ ಬಲವೆಲ್ಲ ತೋರಿಸಬೇಡಿ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ, ಬೋಲ್ಟು ಉಕ್ಕಿನದು. ಮರೆ ಕಿತ್ತುಹೋಗುವುದು ಪೆಟ್ಟಿಗೆಯದೇ.

ಆಟೊಮ್ಯಾಟಿಕ್ ಗಾಡಿಯವರು ಇದನ್ನು ಓದಿ ಉತ್ಸಾಹಪಡಬೇಡಿ. ಅವುಗಳ ಎಣ್ಣೆ ಬೇರೆ, ಬಿಸಿ ನೋಡಿ ಅಳೆಯುವ ಕ್ರಮವೇ ಬೇರೆ.

ಕೊನೆಗೆ ಉಳಿಯುವುದು ಆ ಎರಡು ಲೀಟರ್ ಕರಿ ಎಣ್ಣೆ. ಬೇಲಿಯ ಬುಡಕ್ಕೋ ಚರಂಡಿಗೋ ಸುರಿಯುವುದನ್ನು ಕಂಡಾಗ ನನಗೆ ನಿಜವಾಗಿ ಕೋಪ ಬರುತ್ತದೆ. ಸಾವಿರ ಅಡಿ ದಾಟಿ ಬೋರ್ ಕೊರೆದು ನೀರು ಹುಡುಕುವ ನಾವು, ಮೇಲಿನಿಂದ ಎಣ್ಣೆ ಇಳಿಸುವುದೇ? 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಮುಚ್ಚಳ ಬಿಗಿದ ಡಬ್ಬದಲ್ಲಿ ತುಂಬಿ, ಹಳೆ ಎಣ್ಣೆಯನ್ನು ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರದ ಹೊಟ್ಟು ಹಾಕಿ ಗುಡಿಸಿ, ನೀರು ಬಿಟ್ಟು ತೊಳೆಯಬೇಡಿ. ರೇಷ್ಮೆ ಸಾಕುವವರಾದರೆ ಹುಳುಮನೆಯ ಹತ್ತಿರ ಈ ಕೆಲಸ ಇಟ್ಟುಕೊಳ್ಳಲೇಬೇಡಿ. ಸೋಪು ಹಾಕಿ ಕೈ ತೊಳೆದು, ಬಟ್ಟೆ ಬದಲಿಸದೆ ಸೊಪ್ಪು ಮುಟ್ಟಬೇಡಿ. ಹುಳ ನಿಮಗಿಂತ ಸೂಕ್ಷ್ಮ.

ಗಾಡಿ ಇಳಿಸಿದ ಮೇಲೆ ಕ್ಲಚ್ಚು ಒತ್ತಿ ಎಲ್ಲ ಗೇರುಗಳನ್ನೂ ಒಮ್ಮೆ ಹಾಕಿ ನೋಡಿ, ಗುಡಿಬಂಡೆಗೋ ಚಿಕ್ಕಬಳ್ಳಾಪುರಕ್ಕೋ ಹೋಗಿ ಬನ್ನಿ. ರಾತ್ರಿ ಗಾಡಿಯ ಕೆಳಗೆ ಹಳೆ ಪತ್ರಿಕೆ ಹಾಸಿ, ಬೆಳಗ್ಗೆ ಕಲೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ವಾಷರ್ ಸರಿಯಾಗಿ ಕೂತಿಲ್ಲ. ಬಿದ್ದಿಲ್ಲದಿದ್ದರೆ ತಾರೀಖು, ಕಿಲೋಮೀಟರು, ಎಣ್ಣೆಯ ಗುರುತು ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿ.