ಬುದ್ಧಿವರ್ಧಕ ಗುಳಿಗೆಗಳು ಮತ್ತು ಅವುಗಳ ಬೆಲೆ

ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ, ನಡವಳಿಕೆಯ ತೊಂದರೆಯುಳ್ಳ ಮಕ್ಕಳಿಗಾಗಿ ನಡೆಯುತ್ತಿದ್ದ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ವೈದ್ಯರು 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಔಷಧವನ್ನು ಒಂದು ವಾರದ ಕಾಲ ಕೊಟ್ಟು, ಅದರ ಫಲವನ್ನು 1937ರಲ್ಲಿ ಪ್ರಕಟಿಸಿದರು. ಈ ಔಷಧವು ಆಂಫೆಟಮೀನ್ ವರ್ಗಕ್ಕೆ ಸೇರಿದುದು. ಬದಲಾವಣೆ ಎದ್ದು ಕಂಡುದು ತರಗತಿಯಲ್ಲಿ. 14 ಮಕ್ಕಳು ಪಾಠದಲ್ಲಿ ಬೆರಗುಗೊಳಿಸುವಷ್ಟು ಆಸಕ್ತಿ ತೋರಿದರು. ಕುಳಿತಲ್ಲಿ ಕುಳಿತಿರಲಾರದವರು ಲೆಕ್ಕಗಳನ್ನು ಒಂದರ ಮೇಲೊಂದರಂತೆ ಬಿಡಿಸತೊಡಗಿದರು. ಮಕ್ಕಳೇ ಅದಕ್ಕೆ 'ಲೆಕ್ಕದ ಗುಳಿಗೆ' ಎಂದು ಹೆಸರಿಟ್ಟರು. ಔಷಧ ನಿಲ್ಲಿಸಿದೊಡನೆ ಹಳೆಯ ಸ್ಥಿತಿಯೂ ಮರಳಿತು.

ಅಸ್ವಸ್ಥ ಮಗುವಿಗೆ ಒದಗಿದ ಈ ನೆರವು ಆರೋಗ್ಯವಂತನಿಗೂ ಒದಗಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜವೇ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸೈನಿಕರಿಗೆ ಪರ್ವಿಟಿನ್ ಎಂಬ ಹೆಸರಿನಲ್ಲಿ ಇದೇ ಕುಲದ ಗುಳಿಗೆಗಳನ್ನು ನಿದ್ರೆ ತಡೆಯಲೆಂದು ಹಂಚಲಾಯಿತು. ಯುದ್ಧಾನಂತರ ಜಪಾನಿನಲ್ಲಿ ಇಂಥ ಔಷಧದ ಚಟವು ಊರೂರಿಗೆ ಹಬ್ಬಿ, 1951ರಲ್ಲಿ ಅಲ್ಲಿನ ಸರ್ಕಾರ ಕಟ್ಟುನಿಟ್ಟಿನ ಕಾನೂನನ್ನೇ ತರಬೇಕಾಯಿತು. ಇಂದು ಆಸೆಯ ಗುರಿಯಾಗಿರುವವು ಮುಖ್ಯವಾಗಿ ಮೀಥೈಲ್‌ಫೆನಿಡೇಟ್, ಡೆಕ್ಸ್‌ಆಂಫೆಟಮೀನ್ ಮತ್ತು ಮೊಡಾಫಿನಿಲ್. ಮೊದಲನೆಯದನ್ನು 1944ರಲ್ಲಿ ಸಂಶ್ಲೇಷಿಸಿದ ರಸಾಯನಶಾಸ್ತ್ರಜ್ಞ ಪ್ಯಾನಿಜ್ಜಾನ್ ತನ್ನ ಪತ್ನಿ ರೀಟಾಳ ಹೆಸರಿನ ಮೇಲೆ ಅದನ್ನು 'ರಿಟಾಲಿನ್' ಎಂದು ಕರೆದನು.

ಈ ಔಷಧಗಳ ಕಾರ್ಯವಿಧಾನವನ್ನು ಅರಿತರೆ ತೊಡಕಿನ ಮೂಲವೂ ತಿಳಿಯುತ್ತದೆ. ಹಣೆಯ ಹಿಂದಿರುವ ಮೆದುಳಿನ ಮುಂಭಾಗವು ಗಮನವನ್ನು ನಿಲ್ಲಿಸುವ, ಯೋಜಿಸುವ, ಅನಗತ್ಯವನ್ನು ತಳ್ಳಿಹಾಕುವ ಕೆಲಸವನ್ನು ಮಾಡುತ್ತದೆ. ಅಲ್ಲಿ ಡೋಪಮೀನ್ ಮತ್ತು ನಾರ್‌ಅಡ್ರಿನಲೀನ್ ಎಂಬ ರಾಸಾಯನಿಕಗಳು ಕಡಿಮೆಯಾದರೆ ಮನಸ್ಸು ಚದುರುತ್ತದೆ, ಹೆಚ್ಚಾದರೂ ಕೆಡುತ್ತದೆ. ಸಾರಿಗೆ ಉಪ್ಪು ಹಾಕಿದಂತೆ ಇದು. ಸಪ್ಪೆಯಾದುದಕ್ಕೆ ಒಂದು ಚಿಟಿಕೆ ಬೇಕು, ಹದವಾಗಿರುವುದಕ್ಕೆ ಅದೇ ಚಿಟಿಕೆ ಹೊರೆ. ಆದುದರಿಂದಲೇ ಒಂದೇ ಗುಳಿಗೆ ಒಬ್ಬನಿಗೆ ಉಪಕಾರಿಯೂ ಮತ್ತೊಬ್ಬನಿಗೆ ಅಪಕಾರಿಯೂ ಆಗಬಲ್ಲದು.

2023ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಮಾತಿಗೆ ಸ್ಪಷ್ಟ ನಿದರ್ಶನ. ಮೆಲ್ಬರ್ನ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಸಂಶೋಧಕರು 40 ಮಂದಿ ಆರೋಗ್ಯವಂತ ತರುಣ ತರುಣಿಯರಿಗೆ ಮೇಲಿನ ಮೂರು ಔಷಧಗಳನ್ನೂ ಒಂದು ಹುಸಿ ಗುಳಿಗೆಯನ್ನೂ ಬೇರೆ ಬೇರೆ ದಿನಗಳಲ್ಲಿ ಕೊಟ್ಟು 'ಚೀಲದ ಲೆಕ್ಕ'ವನ್ನು ಬಿಡಿಸಲು ಹೇಳಿದರು. ಸಂತೆಗೆ ಹೊರಟವನ ಚೀಲ ಇಷ್ಟೇ ಭಾರ ತಡೆಯುತ್ತದೆ. ಎದುರಿಗಿರುವ ಪ್ರತಿ ವಸ್ತುವಿಗೂ ಒಂದು ತೂಕ, ಒಂದು ಬೆಲೆ. ಒಟ್ಟು ಬೆಲೆ ಅತ್ಯಧಿಕವಾಗುವಂತೆ ಯಾವುದನ್ನು ತುಂಬಬೇಕು, ಯಾವುದನ್ನು ಬಿಡಬೇಕು? ಕೇಳಲು ಸುಲಭವೆನಿಸುವ ಈ ಲೆಕ್ಕ ವಸ್ತುಗಳ ಸಂಖ್ಯೆ ಏರಿದಂತೆ ಗಣಕಯಂತ್ರವನ್ನೂ ದಣಿಸುತ್ತದೆ. ಔಷಧ ಸೇವಿಸಿದವರು ಹೆಚ್ಚು ಹೊತ್ತು ಪ್ರಯತ್ನಿಸಿದರು, ವಸ್ತುಗಳನ್ನು ಹೆಚ್ಚು ಬಾರಿ ಹಾಕಿ ತೆಗೆದರು. ಆದರೆ ಅವರು ತುಂಬಿದ ಚೀಲದ ಬೆಲೆ ಹೆಚ್ಚಲಿಲ್ಲ, ತಗ್ಗಿತು. ಆಯ್ಕೆಯಲ್ಲಿ ವಿವೇಚನೆ ಕುಂದಿ, ಗೊತ್ತುಗುರಿಯಿಲ್ಲದ ಹುಡುಕಾಟ ಬೆಳೆದಿತ್ತು. ಹುಸಿ ಗುಳಿಗೆಯ ದಿನ ಸರಾಸರಿಗಿಂತ ಮೇಲಿದ್ದವರಲ್ಲಿ ಅನೇಕರು ಔಷಧದ ದಿನ ಕೆಳಗಿಳಿದರು. ಅರ್ಥಾತ್, ಗುಳಿಗೆಯು ದುಡಿಮೆಯ ಹುಮ್ಮಸ್ಸನ್ನು ಕೊಟ್ಟು ದುಡಿಮೆಯ ಹದವನ್ನು ಕಸಿದುಕೊಂಡಿತು. ಶಿಕ್ಷಕರಿಗೆ ಇಂಥ ದೃಶ್ಯ ಹೊಸದಲ್ಲ. ಉತ್ತರಪತ್ರಿಕೆಯ ಪುಟಗಳು ತುಂಬಿದ್ದರೂ ಉತ್ತರ ಸಿಗದಿರುವುದು ಉಂಟು.

ನಿದ್ರೆಯ ವಿಷಯ ಇದಕ್ಕಿಂತ ಸರಳ. ಹಗಲು ಕಲಿತುದು ನೆನಪಿನಲ್ಲಿ ನೆಲೆಗೊಳ್ಳುವ ಕಾರ್ಯದ ಬಹುಭಾಗ ನಡೆಯುವುದು ನಿದ್ರೆಯಲ್ಲಿ. ಮೊಡಾಫಿನಿಲ್ ನುಂಗಿ ರಾತ್ರಿಯೆಲ್ಲ ಓದುವ ವಿದ್ಯಾರ್ಥಿ ಓದಿನ ಅವಧಿಯನ್ನು ಕೊಂಡು ನೆನಪನ್ನು ಮಾರುತ್ತಾನೆ. ಕಾಫಿಯೂ ಸಣ್ಣ ಪ್ರಮಾಣದಲ್ಲಿ ಇದೇ ವ್ಯಾಪಾರವನ್ನು ಮಾಡುತ್ತದೆ. ಅದು ದಣಿವನ್ನು ಕಳೆಯದೆ, ದಣಿವಿನ ಸುದ್ದಿ ತರುವ ಅಡಿನೋಸಿನ್ ಎಂಬ ವಸ್ತುವಿನ ಬಾಗಿಲನ್ನಷ್ಟೇ ಮುಚ್ಚುತ್ತದೆ.

ನೆನಪಿನ ಶಕ್ತಿಯನ್ನೇ ಬೇರಿನಿಂದ ಬೆಳೆಸಿದರೆ? 1999ರಲ್ಲಿ ಜೋ ತ್ಸಿಯೆನ್ ಮತ್ತು ಸಂಗಡಿಗರು ಒಂದು ಜೀನಿನ ಕಾರ್ಯವನ್ನು ಹೆಚ್ಚಿಸಿ ಬೇಗ ಕಲಿತು ಬಹುಕಾಲ ನೆನಪಿಡುವ ಇಲಿಗಳನ್ನು ರೂಪಿಸಿದರು. ಜಗತ್ತು ಕೊಂಡಾಡಿತು. 2001ರಲ್ಲಿ ಅದೇ ತಳಿಯನ್ನು ಪರೀಕ್ಷಿಸಿದಾಗ, ಗಾಯದ ಬಳಿಕ ಅವು ನೋವಿಗೆ ಸಾಮಾನ್ಯ ಇಲಿಗಳಿಗಿಂತ ಹೆಚ್ಚಾಗಿ ಸ್ಪಂದಿಸುತ್ತಿದ್ದುದು ಕಂಡುಬಂದಿತು. ಪಾಠವನ್ನು ಉಳಿಸಿಕೊಳ್ಳುವ ನರವ್ಯವಸ್ಥೆಯ ಭಾಗವೇ ನೋವನ್ನೂ ಉಳಿಸಿಕೊಳ್ಳುತ್ತಿದ್ದಿತು.

ಇಷ್ಟರಿಂದ ಈ ಔಷಧಗಳೇ ತ್ಯಾಜ್ಯವೆಂದು ಯಾರೂ ಭಾವಿಸಲಾಗದು. ಗಮನದ ಕೊರತೆಯ ವ್ಯಾಧಿಯಿರುವ ಮಗುವಿಗೆ ಮೀಥೈಲ್‌ಫೆನಿಡೇಟ್ ಶಾಲೆಯ ಬಾಗಿಲನ್ನೇ ತೆರೆದುಕೊಡಬಲ್ಲದು. ಅಂಥ ಮಗುವನ್ನು 'ಸೋಮಾರಿ', 'ತುಂಟ' ಎಂದು ದಂಡಿಸಿ ಔಷಧವನ್ನು ನಿರಾಕರಿಸುವುದು ಅನ್ಯಾಯವೇ ಸರಿ. ಆ ಮಗುವಿಗೂ ಬೆಲೆ ತಪ್ಪಿದ್ದಲ್ಲ: ಹಸಿವು ಕುಗ್ಗುತ್ತದೆ, ನಿದ್ರೆ ತಡವಾಗುತ್ತದೆ, ಬೆಳವಣಿಗೆ ತುಸು ನಿಧಾನವಾಗಬಹುದು. ಆದುದರಿಂದ ವೈದ್ಯರು ಆಗಾಗ್ಗೆ ಮಗುವಿನ ಎತ್ತರ, ತೂಕ, ರಕ್ತದೊತ್ತಡಗಳನ್ನು ಅಳೆದು ಪ್ರಮಾಣವನ್ನು ತಿದ್ದುತ್ತಾರೆ. ಭಾರತದಲ್ಲಿ ಈ ಔಷಧವು 1985ರ ಮಾದಕದ್ರವ್ಯ ಕಾಯಿದೆಯ ಪಟ್ಟಿಯಲ್ಲಿದೆ. ಪರೀಕ್ಷೆಯ ಮುನ್ನಾದಿನ ಗೆಳೆಯನಿಂದ ಒಂದು ಗುಳಿಗೆಯನ್ನು ಕಡ ಪಡೆಯುವ ತರುಣನ ತೂಕವನ್ನಾಗಲಿ ನಾಡಿಯನ್ನಾಗಲಿ ಅಳೆಯುವವರು ಯಾರೂ ಇರುವುದಿಲ್ಲ.