ಆಸ್ಟಿಯೋಪತಿ: ಲಟಿಕೆ ಬೇರೆ, ಚಿಕಿತ್ಸೆ ಬೇರೆ

ಆಸ್ಟಿಯೋಪತಿ ಎಂದರೆ ಸ್ನಾಯು, ಕೀಲು, ಬೆನ್ನುಮೂಳೆಗಳನ್ನು ಕೈಯಿಂದಲೇ ಪರೀಕ್ಷಿಸಿ, ಕೈಯಿಂದಲೇ ಸಡಿಲಿಸುವ ಪದ್ಧತಿ. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಇದನ್ನು ಮುಂದಿಟ್ಟ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದ. ದೇಹದ ಒಂದು ಕಡೆ ಬಿಗಿದರೆ ಅದರ ಭಾರವನ್ನು ಇನ್ನೊಂದು ಕಡೆ ಹೊರುತ್ತದೆ, ಹಾಗಾಗಿ ನೋವಿರುವ ಜಾಗವನ್ನಷ್ಟೇ ನೋಡಿದರೆ ಸಾಲದು ಎಂಬುದು ಇದರ ತಿರುಳು. ಸೊಂಟನೋವೆಂದು ಹೋದವರ ಪಾದ, ಮಂಡಿ, ಉಸಿರಾಟವನ್ನೂ ಗಮನಿಸುವುದು ಇದೇ ಕಾರಣಕ್ಕೆ. ರೋಗಗಳಿಗೆಲ್ಲ ಮೂಲ ಮೂಳೆ-ಕೀಲುಗಳಲ್ಲೇ ಇದೆ ಎಂಬ ಹಳೆಯ ವಾದ ಮಾತ್ರ ಇಂದು ನಿಲ್ಲುವುದಿಲ್ಲ. ತಕ್ಕಮಟ್ಟಿನ ಆಧಾರವಿರುವುದು ಸೊಂಟನೋವಿನ ವಿಷಯದಲ್ಲಿ. ಅಲ್ಲೂ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಕೈಚಿಕಿತ್ಸೆಯನ್ನು ಒಪ್ಪುವುದು ವ್ಯಾಯಾಮದ ಜೊತೆಗೆ ಮಾತ್ರ.

ಮೊದಲು ನೋಡಬೇಕಾದದ್ದು ಕೈ ಯಾರದು ಎಂಬುದನ್ನು. ಅಮೆರಿಕದಲ್ಲಿ ಹೆಸರಿನ ಮುಂದೆ ಡಿ.ಓ. ಎಂದಿದ್ದರೆ ಅವರು ಔಷಧ ಬರೆಯುವ, ಶಸ್ತ್ರಕ್ರಿಯೆ ಮಾಡುವ ಪೂರ್ಣ ವೈದ್ಯರು. ಬ್ರಿಟನ್ನಿನ ಆಸ್ಟಿಯೋಪಾತ್ ಹಾಗಲ್ಲ. ಆದರೆ ಅಲ್ಲಿ 1993ರ ಕಾಯ್ದೆಯಂತೆ ಜನರಲ್ ಆಸ್ಟಿಯೋಪತಿಕ್ ಕೌನ್ಸಿಲ್‌ನಲ್ಲಿ ನೋಂದಾಯಿಸದವರು ಆ ಹೆಸರನ್ನು ಹಾಕಿಕೊಳ್ಳುವಂತೆಯೇ ಇಲ್ಲ. ಅಲ್ಲಿರುವ ಕನ್ನಡಿಗರು ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಕೆಲಸ ಮುಗಿಯಿತು. ಭಾರತದಲ್ಲಿ ಆಸ್ಟಿಯೋಪತಿಗೆಂದೇ ಅಂಥ ಶಾಸನಬದ್ಧ ಮಂಡಳಿ ಇಲ್ಲ. ಫಿಸಿಯೋಥೆರಪಿ ಓದಿ, ಆಮೇಲೆ ವರ್ಷಗಟ್ಟಲೆ ಇದನ್ನು ಕಲಿತವರೂ ಇದ್ದಾರೆ. ನಾಲ್ಕು ದಿನದ ಶಿಬಿರ ಮುಗಿಸಿ ಬೋರ್ಡು ತೂಗುಹಾಕಲು ಹೊರಡುವವರಿಗೂ ಅಡ್ಡಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊಸದಾಗಿ ಕಲಿಯುವವರಿಗೆ ನಿಗದಿಪಡಿಸಿದ್ದು 4,200 ಗಂಟೆಗಳ ಕಲಿಕೆ. ಅದರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿರಬೇಕು. ಮೂಲ ಓದು ಯಾವುದು, ಎಷ್ಟು ವರ್ಷ ಕಲಿತದ್ದು ಎಂದು ಕೇಳುವುದು ಅಗೌರವವಲ್ಲ. ಹೆಸರಿನ 'ಆಸ್ಟಿಯೋ' ಎಂದರೆ ಮೂಳೆಯೆಂದು ಇದನ್ನು ಮೂಳೆ ಕೂಡಿಸುವ ಪುತ್ತೂರು ಕಟ್ಟಿನ ಜೊತೆ ಸೇರಿಸುವುದೂ ತಪ್ಪು: ಮುರಿದ ಮೂಳೆ ಕೂಡಿಸುವುದು ಆಸ್ಟಿಯೋಪಾತ್ ಕೆಲಸವಲ್ಲ.

ಕೆಲವು ನೋವುಗಳನ್ನು ಆಸ್ಟಿಯೋಪಾತ್ ಮೇಜಿಗೆ ಒಯ್ಯಲೇಬಾರದು. ಸೊಂಟನೋವಿನ ಜೊತೆ ಮೂತ್ರ ಕಟ್ಟುವುದು, ತೊಡೆಸಂದಿ ಮತ್ತು ಗುದದ ಸುತ್ತ ಜೋಮು ಹಿಡಿಯುವುದು, ಎರಡೂ ಕಾಲು ಸೋಲುವುದು ಕಂಡರೆ ಅದೇ ಹೊತ್ತಿಗೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಆದ ಕ್ಯಾನ್ಸರ್, ಬಿದ್ದು ಶುರುವಾದ ನೋವು ಇದ್ದರೂ ಮೊದಲು ವೈದ್ಯರೇ ನೋಡಬೇಕು.

ಆಸ್ಟಿಯೋಪಾತ್ ಬಳಿ ಹೋಗುವಾಗ ಮಾತ್ರೆಗಳ ಚೀಟಿ, ಹಳೆಯ ಎಕ್ಸ್‌ರೇ, ಸ್ಕ್ಯಾನ್ ವರದಿ ಕೈಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ, ಬಹುಕಾಲದ ಸ್ಟಿರಾಯ್ಡ್, ಮೂಳೆ ಟೊಳ್ಳಾಗಿರುವುದು, ಬಸಿರು, ಇವನ್ನು ಕೇಳದಿದ್ದರೂ ಹೇಳಬೇಕು. 'ಬೆನ್ನಿಗೂ ಹೃದಯದ ಮಾತ್ರೆಗೂ ಏನು ಸಂಬಂಧ' ಎಂದು ಹಿರಿಯರು ಮುಚ್ಚಿಡುವುದುಂಟು, ಸಂಬಂಧ ಇದೆ. ಬಟ್ಟೆ ಸಡಿಲವಾಗಿರಲಿ. ಕೆಲವೆಡೆ ಒಳ ಉಡುಪಿನಲ್ಲಿ ಪರೀಕ್ಷಿಸುವ ರೂಢಿಯಿದೆ. ಮುಜುಗರವಾದರೆ ಹಾಗೆಂದು ಹೇಳಬಹುದು, ಮನೆಯವರನ್ನು ಜೊತೆಗೆ ಕೂರಿಸಿಕೊಳ್ಳಬಹುದು. ಮೊದಲ ಭೇಟಿಯ ದೊಡ್ಡ ಪಾಲು ಪ್ರಶ್ನೆಗಳಿಗೆ, ನಿಲ್ಲಿಸಿ-ಬಗ್ಗಿಸಿ ನೋಡುವುದಕ್ಕೆ ಹೋಗಬೇಕು. ಒಳಗೆ ಕಾಲಿಟ್ಟ ಐದನೇ ನಿಮಿಷಕ್ಕೇ ಕುತ್ತಿಗೆಗೆ ಕೈಹಾಕುವವರಿಂದ ಎದ್ದು ಬರುವುದು ಲೇಸು.

ಎಡವುವ ದೊಡ್ಡ ಜಾಗ ಲಟಿಕೆಯದು. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿ ಮಡಚಿಸಿ, ಒಂದು ಕೈ ಭುಜಕ್ಕೂ ಇನ್ನೊಂದು ಸೊಂಟಕ್ಕೂ ಕೊಟ್ಟು ಚಕ್ಕನೆ ತಿರುವಿದಾಗ 'ಟಕ್' ಎನ್ನುತ್ತದೆ. ಜಾರಿದ ಮೂಳೆ ಜಾಗಕ್ಕೆ ಕೂತಿತೆಂದು ರೋಗಿ ನಿಟ್ಟುಸಿರು ಬಿಡುತ್ತಾನೆ. ಕೂತದ್ದು ಏನೂ ಇಲ್ಲ. ಕೀಲಿನ ಎರಡು ಮೈಗಳು ಹಠಾತ್ತನೆ ದೂರ ಸರಿದಾಗ ಕೀಲುರಸದ ಒತ್ತಡ ಇಳಿದು ಅನಿಲದ ಪೊಳ್ಳು ಏರ್ಪಡುತ್ತದೆ, ಸದ್ದು ಅದರದ್ದು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಬೆರಳ ಗೆಣ್ಣಿನ ಲಟಿಕೆ ತೆಗೆಯುವುದನ್ನು ಎಂಆರ್‌ಐ ಯಂತ್ರದೊಳಗೆ ಚಿತ್ರೀಕರಿಸಿ, ಆ ಪೊಳ್ಳು ಮೂಡುವುದನ್ನು ತೋರಿಸಿತು. ಒಮ್ಮೆ ತೆಗೆದ ಗೆಣ್ಣು ಸುಮಾರು ಇಪ್ಪತ್ತು ನಿಮಿಷ ಮತ್ತೆ ಸದ್ದು ಮಾಡುವುದಿಲ್ಲ. ಯಾರು ಬೇಕಾದರೂ ಕೂತಲ್ಲೇ ಪರೀಕ್ಷಿಸಬಹುದು. ತಿರುವಿದ ಬಳಿಕ ಕೆಲಹೊತ್ತು ಹಗುರವೆನಿಸುವುದು ನಿಜ, ಆದರೆ ಸದ್ದು ಬಾರದಿದ್ದರೂ ಅದು ಸಿಗುತ್ತದೆ. 'ಇವತ್ತು ಟಕ್ ಅನ್ನಲೇ ಇಲ್ಲ, ಇನ್ನೊಂದ್ಸಲ ತಿರುವಿ' ಎಂದು ರೋಗಿಯೇ ಒತ್ತಾಯಿಸುವುದೂ, ರೋಗಿಯ ತೃಪ್ತಿಗೆಂದು ಚಿಕಿತ್ಸಕ ಮಣಿಯುವುದೂ ನಡೆದೇ ಇದೆ. ಸ್ನಾಯುವನ್ನು ನಿಧಾನ ಒತ್ತುವುದು, ರೋಗಿಯೇ ತಳ್ಳುವಂತೆ ಮಾಡಿ ಸಡಿಲಿಸುವುದು ಮೊದಲಾದ ಸದ್ದಿಲ್ಲದ ಕ್ರಮಗಳು ಆಸ್ಟಿಯೋಪತಿಯಲ್ಲಿ ಬೇಕಾದಷ್ಟಿವೆ.

ಕತ್ತಿನ ಲಟಿಕೆಯಲ್ಲಿ ಇನ್ನೂ ಎಚ್ಚರ ಬೇಕು. ಮಿದುಳಿಗೆ ರಕ್ತ ಒಯ್ಯುವ ಎರಡು ಅಪಧಮನಿಗಳು ಕತ್ತಿನ ಮೂಳೆಗಳ ರಂಧ್ರಗಳಲ್ಲೇ ಹಾದುಹೋಗುತ್ತವೆ. ರಭಸದ ತಿರುವಿನಿಂದ ಅವುಗಳ ಒಳಗೋಡೆ ಸೀಳಿ ಪಾರ್ಶ್ವವಾಯುವಾಗುವುದು ಅಪರೂಪ, ಆದರೆ ವೈದ್ಯಕೀಯ ದಾಖಲೆಗಳಲ್ಲಿ ಇದೆ. ಕ್ಷೌರದಂಗಡಿಯ ಕುರ್ಚಿಯಲ್ಲಿ ಗದ್ದ ಹಿಡಿದು ತಿರುವಿಸಿಕೊಳ್ಳುವ ಅಭ್ಯಾಸ ಈ ಕಾರಣಕ್ಕೇ ಬಿಡತಕ್ಕದ್ದು. ಕತ್ತು ತಿರುವುವುದು ಬೇಡ ಎನ್ನುವ ಹಕ್ಕು ರೋಗಿಗೆ ಯಾವಾಗಲೂ ಇದೆ. ಚಿಕಿತ್ಸೆಯ ನಂತರ ತಲೆಸುತ್ತು, ಮಾತು ತೊದಲುವುದು, ಒಂದೇ ವಸ್ತು ಎರಡಾಗಿ ಕಾಣುವುದು, ಹಿಂದೆಂದೂ ಇರದಂಥ ಕತ್ತುನೋವು ಬಂದರೆ ಮಲಗಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಚಿಕಿತ್ಸೆಯ ಬಳಿಕ ಒಂದೆರಡು ದಿನದ ಮೈಕೈ ನೋವು ಸಾಮಾನ್ಯ. ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ಮಾಡದಿದ್ದರೆ ಕೊಟ್ಟ ಹಣ ದಂಡ. ನಾಲ್ಕಾರು ಭೇಟಿಗಳಲ್ಲೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ ವೈದ್ಯರನ್ನು ನೋಡಬೇಕು. ಇಪ್ಪತ್ತು ಭೇಟಿಗಳ ಪ್ಯಾಕೇಜ್ ಮುಂಗಡವಾಗಿ ಕೊಳ್ಳಬಾರದು. ತಲೆಬುರುಡೆ ಒತ್ತಿ ಹಸುಗೂಸಿನ ಅಳು ನಿಲ್ಲಿಸುತ್ತೇವೆ ಎನ್ನುವ ಕ್ರೇನಿಯಲ್ ಪದ್ಧತಿಗೆ ಗಟ್ಟಿ ಆಧಾರವಿಲ್ಲ; ಕೂಸನ್ನು ಮಕ್ಕಳ ವೈದ್ಯರಿಗೇ ತೋರಿಸಬೇಕು.